ಲಾಭ, ಎರಡು, ಮೂರು: ಅಪ್ಪನ ಕಫ ತೆಗೆದ ಐದು ತಿಂಗಳು

ನಮ್ಮನಿ ಪಡಸಾಲೆಯಲ್ಲಿ ಐದು ತಿಂಗಳು ಒಂದು ಮಷೀನ್ ಇತ್ತು. ಸ್ವಿಚ್ ಹಾಕಿದರೆ ಸಣ್ಣ ಗಿರಣಿ ಹಂಗ ಸದ್ದು. ಓಣಿಯವರು ಅದಕ್ಕೆ ‘ಕಫ ಎಳಿಯೂ ಮಷೀನ’ ಅಂತಿದ್ದರು. ರಾತ್ರಿ ಆ ಸದ್ದು ಕೇಳಿದರೆ ಪಕ್ಕದ ಮನೆಯವರಿಗೂ ಎಚ್ಚರ. ಬೆಳಿಗ್ಗೆ ನೀರಿಗೆ ಬಂದಾಗ ‘ನಿನ್ನಿ ರಾತ್ರಿ ಭಾಳ ಸಲ ಎಳದ್ರೆಲ್ಲಾ, ಆರಾಮದಾರ ಇಲ್ಲೋ?’ ಅಂತ ಕೇಳೋರು.

2023ರ ಶಿವರಾತ್ರಿ ಮುಗಿದ ಎರಡನೇ ದಿನ ಅಪ್ಪನಿಗೆ ಲಕ್ವಾ ಹೊಡೆಯಿತು. ಬಿಪಿ ಇತ್ತು. ಗುಳಿಗೆ ಕೊಟ್ಟಿದ್ದರು. ‘ಈಗ ಆರಾಮ ಅದೀನಿ’ ಅಂತ ಅಪ್ಪ ನಾಲ್ಕು ತಿಂಗಳಿಂದ ಗುಳಿಗೆ ಬಿಟ್ಟಿದ್ದ. ಅದು ನಮಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದಾಗ. ಮಿದುಳಿನೊಳಗೆ ರಕ್ತ ಸೋರಿತ್ತು. 108 ಗಾಡಿಯಲ್ಲಿ ಕುಂದಗೋಳ, ಅಲ್ಲಿಂದ ಹುಬ್ಬಳ್ಳಿ. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ, ಅದರ ಅಗತ್ಯ ಇಲ್ಲ. ಬಾಯೊಳಗೆ ಪೈಪು, ವೆಂಟಿಲೇಟರ್. ಹನ್ನೆರಡು ದಿನ ಆದ ಮೇಲೆ ‘ಗಂಟಲಿಗೆ ತೂತು ಮಾಡಿ ಟ್ಯೂಬ್ ಹಾಕಬೇಕು, ಸಹಿ ಮಾಡಿ’ ಅಂದರು. ಟ್ರಾಕಿಯಾಸ್ಟಮಿ ಅಂತ ಅದರ ಹೆಸರು. ಯುಗಾದಿ ಹಬ್ಬದ ದಿನ ನಾವು ವಾರ್ಡಿನಲ್ಲಿದ್ದೆವು. ಮಾರ್ಚ್ 26ಕ್ಕೆ ಮನೆಗೆ ಕಳಿಸಿದರು. ಅಪ್ಪ ತಾನೇ ಉಸಿರಾಡುತ್ತಿದ್ದ, ಕಣ್ಣು ತೆರೆಯುತ್ತಿದ್ದ. ಬಲಗೈ, ಬಲಗಾಲು ಇಲ್ಲ. ಮಾತಿಲ್ಲ. ಕೊರಳಲ್ಲಿ ಟ್ಯೂಬು.

ಮಾತು ಯಾಕೆ ಇಲ್ಲ ಅಂದರೆ, ಉಸಿರು ಗಂಟಲ ಮೇಲಿನ ಧ್ವನಿಪೆಟ್ಟಿಗೆಗೆ ಹೋಗುವುದೇ ಇಲ್ಲ. ಕೆಳಗೇ ಇರುವ ತೂತಿನಿಂದ ಒಳಗೆ ಹೋಗಿ ಅಲ್ಲಿಂದಲೇ ಹೊರಗೆ ಬರುತ್ತದೆ. ಕೆಮ್ಮಿದರೂ ಗಟ್ಟಿ ಕೆಮ್ಮು ಬರುವುದಿಲ್ಲ. ನಮ್ಮ ನಿಮ್ಮ ಕಫ ಕೆಮ್ಮಿನ ಜತೆ ಬಾಯಿಗೆ ಬರುತ್ತದೆ, ಉಗುಳುತ್ತೇವೆ, ಇಲ್ಲ ನುಂಗುತ್ತೇವೆ. ಅಪ್ಪನ ಕಫ ಟ್ಯೂಬಿನ ಬಾಯಿಗೆ ಬಂದು ನಿಲ್ಲುತ್ತಿತ್ತು. ಅದನ್ನು ಯಾರಾದರೂ ತೆಗೆಯಬೇಕು. ಆಸ್ಪತ್ರೆಯಲ್ಲಿ ಸಿಸ್ಟರ್ ತೆಗೆದರು. ಸಂಶಿಯಲ್ಲಿ ನಾನು.

ಡಿಸ್ಚಾರ್ಜ್ ಮಾಡುವ ದಿನ ಹತ್ತು ನಿಮಿಷ ತೋರಿಸಿ ಕಳಿಸಿದರು. ಅಷ್ಟೇ ಆಗಿದ್ದರೆ ಅಪ್ಪ ಈಗ ಇರುತ್ತಿರಲಿಲ್ಲ. ರಾತ್ರಿ ಪಾಳಿಯ ಒಬ್ಬ ಸಿಸ್ಟರ್ ಇದ್ದರು. ಕೊನೆಯ ವಾರ ನಮ್ಮನ್ನು ಕರೆದು ಪ್ರತಿ ರಾತ್ರಿ ನನ್ನ ಕೈಯಲ್ಲೇ ಮಾಡಿಸಿದರು. ಅವರು ಹೇಳಿದ್ದನ್ನೆಲ್ಲ ನಾನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಪತ್ರಿಕೋದ್ಯಮ ಓದಿದವನಲ್ಲ, ಬರೆದುಕೊಳ್ಳುವುದು ಬರುತ್ತದೆ. ಬರೆದುಕೊಂಡದ್ದನ್ನು ಮಾಡುವುದು ಬೇರೆ ವಿಷಯ ಅಂತ ಆಮೇಲೆ ಗೊತ್ತಾಯಿತು.

ಆ ವಾರ್ಡಿಗೆ ಹೋಗುವ ಮೊದಲು ಐಸಿಯುನಲ್ಲಿ ಅಪ್ಪನ ಪಕ್ಕದ ಹಾಸಿಗೆಯಲ್ಲಿ ಒಬ್ಬ ಹುಡುಗ ಇದ್ದ. ಹತ್ತಿ ಹೊಲಕ್ಕೆ ಹೊಡೆಯುವ ಎಣ್ಣೆ ದೇಹಕ್ಕೆ ಸೇರಿತ್ತು. ಹೆಂಗೆ ಸೇರಿತು ಅಂತ ಯಾರೂ ಕೇಳುತ್ತಿರಲಿಲ್ಲ. ನಮ್ಮ ಕಡೆ ಅದು ಕೇಳುವ ಪ್ರಶ್ನೆ ಅಲ್ಲ. ಆ ಥರದ ಕೀಟನಾಶಕ ಒಳಗೆ ಹೋದರೆ ಬಾಯಲ್ಲಿ ಜೊಲ್ಲು, ಶ್ವಾಸಕೋಶದಲ್ಲಿ ನೀರಿನಂಥ ಕಫ ಒಂದೇ ಸಮನೆ ಒಸರುತ್ತದೆ. ಅಟ್ರೋಪಿನ್ ಇಂಜೆಕ್ಷನ್ ಕೊಟ್ಟು ಅದನ್ನು ಒಣಗಿಸುತ್ತಾರೆ, ಅಲ್ಲಿವರೆಗೆ ಸಕ್ಷನ್ ಪೈಪಿನಿಂದ ಎಳೆಯುತ್ತಲೇ ಇರಬೇಕು. ಅವನಿಗೆ ಎಳೆಯುವಾಗ ಸಿಸ್ಟರ್ ಪೈಪಿನ ಕಡೆ ನೋಡುತ್ತಿರಲಿಲ್ಲ. ಒಂದು ಕಣ್ಣು ಮಾನಿಟರ್ ಮೇಲೆ, ಒಂದು ಕಣ್ಣು ಅವನ ಮುಖದ ಮೇಲೆ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಅದನ್ನು ನಾನು ನೋಡಿದ್ದೆ. ನೋಟ್‌ಬುಕ್‌ನಲ್ಲಿ ಮಾತ್ರ ಬರೆದುಕೊಂಡಿರಲಿಲ್ಲ.

ಎಳೆಯುವುದರಲ್ಲಿ ಏನು ಅಪಾಯ ಅಂತ ಮೊದಲು ಹೇಳುತ್ತೇನೆ. ಯಾಕಂದರೆ ನಾನು ಇದನ್ನು ಮೂಗು ಒರೆಸಿದಂಗ ಅಂತ ತಿಳಿದಿದ್ದೆ.

ಪೈಪು ಬರೇ ಕಫ ಎಳೆಯುವುದಿಲ್ಲ, ಕಫದ ಜತೆ ಶ್ವಾಸಕೋಶದಲ್ಲಿರುವ ಗಾಳಿಯನ್ನೂ ಎಳೆಯುತ್ತದೆ. ಅದೇ ಹೊತ್ತಿಗೆ ಟ್ಯೂಬಿನ ಅರ್ಧ ದಾರಿಯನ್ನು ಪೈಪು ಹಿಡಿದಿರುತ್ತದೆ. ಅಂದರೆ ಬರುವ ಗಾಳಿ ಕಡಿಮೆ, ಹೋಗುವ ಗಾಳಿ ಜಾಸ್ತಿ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ. ಎರಡನೆಯದು, ಗಂಟಲಿನಿಂದ ಹೃದಯದ ತನಕ ಹೋಗುವ ಒಂದು ನರ ಇದೆ, ವೇಗಸ್ ಅಂತಾರೆ. ಪೈಪಿನ ತುದಿ ಶ್ವಾಸನಾಳದ ಗೋಡೆಗೆ ತಾಗಿದರೆ ಆ ನರ ಕೆರಳಿ ಹೃದಯದ ಬಡಿತವನ್ನು ಒಮ್ಮೆಲೇ ನಿಧಾನ ಮಾಡಬಹುದು. ಅದಾಗಲೇ ಆಕ್ಸಿಜನ್ ಕಡಿಮೆ ಇರುವ ಹೃದಯ ಅದು. ಮೂರನೆಯದು, ಗೋಡೆ ಕೆತ್ತಿ ರಕ್ತ ಬರುವುದು. ಮಿದುಳಿಗೆ ಪೆಟ್ಟಾದವರಿಗೆ ಇನ್ನೊಂದು ಚಿಂತೆ. ಜೋರು ಕೆಮ್ಮಿಸಿದರೆ ತಲೆಯೊಳಗಿನ ಒತ್ತಡ ಏರುತ್ತದೆ.

ಇಷ್ಟೆಲ್ಲ ಇರುವುದರಿಂದ ಸಿಸ್ಟರ್ ಹೇಳಿದ ಮೊದಲ ಮಾತು: ‘ಗಡಿಯಾರ ನೋಡಿ ಎಳೀಬ್ಯಾಡ್ರಿ ಅಣ್ಣಾರ. ಬೇಕಾದಾಗ ಎಳೀರಿ.’ ಎರಡು ತಾಸಿಗೊಮ್ಮೆ ಅಂತ ನಿಯಮ ಇಲ್ಲ. ಗೊರಗೊರ ಸದ್ದು ಬಂತು, ಟ್ಯೂಬಿನ ಬಾಯಲ್ಲಿ ಕಫ ಕಂಡಿತು, ಉಸಿರಿಗೆ ಕಷ್ಟಪಡುತ್ತಾರೆ, ಚಡಪಡಿಸುತ್ತಾರೆ, ಆಕ್ಸಿಮೀಟರ್ ಅಂಕಿ ಎಂದಿಗಿಂತ ಇಳಿದಿದೆ, ಆಗ. ಏನೂ ಇಲ್ಲದಿದ್ದರೆ ಅವರ ಪಾಡಿಗೆ ಅವರನ್ನು ಮಲಗಲು ಬಿಡಬೇಕು.

ಪೈಪಿನ ದಪ್ಪದ ಲೆಕ್ಕವನ್ನೂ ಅವರೇ ಹೇಳಿದರು. ಅಪ್ಪನ ಟ್ಯೂಬಿನ ಒಳ ಅಗಲ 8 ಮಿಲಿಮೀಟರ್. ಒಳಗೆ ಹಾಕುವ ಪೈಪು ಅದರ ಅರ್ಧಕ್ಕಿಂತ ದಪ್ಪ ಇರಬಾರದು. 12ನೇ ನಂಬರಿನ ಪೈಪು 4 ಮಿಲಿಮೀಟರ್, ಸರಿ ಅರ್ಧ. ಅದರ ತುದಿಯ ಬಣ್ಣ ಬಿಳಿ. 14ನೇ ನಂಬರು ಹಸಿರು. ಔಷಧ ಅಂಗಡಿಯಲ್ಲಿ ಬಿಳಿ ಇಲ್ಲ ಅಂತ ಹಸಿರು ಕೊಟ್ಟರೆ ತರಬೇಡಿ ಅಂದಿದ್ದರು. ಒಂದು ಸಲ ಹಂಗೇ ಆಯಿತು. ‘ಎಲ್ಲಾ ಒಂದೇ ರೀ, ಇದು ಲಗೂನ ಎಳೀತದ’ ಅಂದ ಅಂಗಡಿಯವ. ಲಗೂನ ಎಳೆಯುತ್ತದೆ ನಿಜ, ಉಸಿರನ್ನೂ ಲಗೂನ ಎಳೆಯುತ್ತದೆ. ರೈಲು ಹತ್ತಿ ಮತ್ತೆ ಹುಬ್ಬಳ್ಳಿಗೆ ಹೋಗಿ ಬಿಳಿ ತಂದೆ.

ಮಷೀನಿನ ಮುಳ್ಳು 80ರಿಂದ 120ರ ನಡುವೆ ಇರಬೇಕು. ಮಷೀನ್ ನಾವು ಕೊಂಡದ್ದು ಸೆಕೆಂಡ್ ಹ್ಯಾಂಡ್. ಮಾರಿದವನು ಮುಳ್ಳನ್ನು ಕೊನೆಗೆ ತಿರುಗಿಸಿಯೇ ಕೊಟ್ಟಿದ್ದ. ಪ್ರತಿ ಸಲ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ನೋಡಿಯೇ ಶುರು ಮಾಡಬೇಕು.

ಮಾಡುವ ಕ್ರಮ ಹೀಗಿತ್ತು. ಕೈ ಸಾಬೂನಿನಿಂದ ತೊಳೆದು ಕೈಗವಸು. ಅಪ್ಪನ ತಲೆಯ ಕಡೆ ಎತ್ತರ ಮಾಡುವುದು. ‘ಈಗ ಎಳಿತೀವಿ’ ಅಂತ ಹೇಳುವುದು. ಎಚ್ಚರ ಇರಲಿ ಬಿಡಲಿ, ಹೇಳಬೇಕು. ಡಾಕ್ಟರ್ ಬರೆದುಕೊಟ್ಟಷ್ಟು ಆಕ್ಸಿಜನ್ ಒಂದು ನಿಮಿಷ ಕೊಟ್ಟು, ಆಕ್ಸಿಮೀಟರಿನ ಎರಡೂ ಅಂಕಿ, ಆಕ್ಸಿಜನ್ ಮತ್ತು ನಾಡಿ, ಬಾಯಿಬಿಟ್ಟು ಓದುವುದು. ಅಪ್ಪನದು ಯಾವಾಗಲೂ 96, 82ರ ಆಜುಬಾಜು. ಪೈಪನ್ನು ಒಳಗೆ ಹಾಕುವಾಗ ಎಳೆತ ಬಂದ್ ಇರಬೇಕು. ಪೈಪಿನ ಪಕ್ಕದ ತೂತಿನ ಮೇಲಿಂದ ಹೆಬ್ಬೆರಳು ತೆಗೆದರೆ ಬಂದ್. ಸಿಸ್ಟರ್ ಪೆನ್ನಿನಿಂದ ಗುರುತು ಹಾಕಿಕೊಟ್ಟಿದ್ದರು, ಅಲ್ಲಿವರೆಗೆ ಮಾತ್ರ. ಆಮೇಲೆ ಬೆರಳು ಮುಚ್ಚಿ, ಪೈಪನ್ನು ಹಗೂರಕ ತಿರುಗಿಸುತ್ತ ಹೊರಗೆ. ಒಳಗೆ ಹಾಕಿ ಹೊರಗೆ ತೆಗೆಯುವ ತನಕ ಹತ್ತು ಸೆಕೆಂಡು. ಹದಿನೈದು ದಾಟಲೇಬಾರದು. ಇದು ಆ ಸಿಸ್ಟರ್ ಒಬ್ಬರ ಮಾತಲ್ಲ. ಅಮೆರಿಕದ ಉಸಿರಾಟ ಚಿಕಿತ್ಸಕರ ಸಂಘ 2010ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲೂ ಹದಿನೈದೇ ಇದೆ, ಪೈಪಿನ ಅರ್ಧದ ಲೆಕ್ಕವೂ ಇದೆ. ಪೈಪು ಹಾಕುವ ಮೊದಲು ರೂಢಿಯಂತೆ ಸಲೈನ್ ಸುರಿಯಬೇಡಿ ಅಂತಲೂ ಇದೆ. ಮಷೀನ್ ಮಾರಿದವನು ‘ಎರಡು ಹನಿ ಸಲೈನ್ ಬಿಟ್ಟು ಎಳೀರಿ, ಕರಗಿ ಬರ್ತದ’ ಅಂದಿದ್ದ. ಸಿಸ್ಟರ್ ಬೇಡ ಅಂದಿದ್ದರು. ನಾನು ಯಾರ ಮಾತು ಕೇಳಬೇಕು ಅಂತ ಗೊಂದಲದಲ್ಲಿದ್ದಾಗ ಈ ಮಾರ್ಗಸೂಚಿ ಓದಿದೆ.

ಹದಿನೈದು ಸೆಕೆಂಡು ಗೊತ್ತಾಗುವುದು ಹೆಂಗೆ? ‘ನಿಮ್ಮ ಉಸಿರು ಹಿಡೀರಿ. ನಿಮಗ ಉಸಿರು ಬೇಕನಿಸಿದಾಗ ಅವರಿಗೂ ಬೇಕಾಗಿರತದ’ ಅಂದರು ಸಿಸ್ಟರ್. ನರ್ಸಿಂಗ್ ಓದುವವರಿಗೆಲ್ಲ ಇದನ್ನು ಹೇಳಿಕೊಡುತ್ತಾರಂತೆ.

ಏಪ್ರಿಲ್ ಪೂರ್ತಿ ಚೆನ್ನಾಗಿ ಹೋಯಿತು. ಚೆನ್ನಾಗಿ ಹೋದದ್ದೇ ತಪ್ಪಾಯಿತು ಅನಿಸುತ್ತದೆ. ಕೈಗೆ ರೂಢಿಯಾಯಿತು. ಅಂಕಿ ಓದುವುದು ಬಿಟ್ಟೆ.

ಮೇ 10ಕ್ಕೆ ವಿಧಾನಸಭೆ ಚುನಾವಣೆ. 13ಕ್ಕೆ ಎಣಿಕೆ. ನಾನು ಒಂದು ಪತ್ರಿಕೆಗೆ ಬಿಡಿ ವರದಿ ಮಾಡುತ್ತಿದ್ದೆ, ಆ ವಾರ ನಿದ್ದೆ ಇಲ್ಲ. 13ರ ಬೆಳಿಗ್ಗೆ ಧಾರವಾಡಕ್ಕೆ ಹೋಗಿ ರಾತ್ರಿ ಮನೆ ಮುಟ್ಟಿದಾಗ ಹತ್ತೂವರೆ. ಅವ್ವ ಹಿಂದಿನ ಎರಡು ರಾತ್ರಿ ಒಬ್ಬಳೇ ಕೂತಿದ್ದಳು. ‘ನೀ ಮಲಗವ್ವ, ನಾ ಅದೀನಿ’ ಅಂದೆ. ಅವಳು ಅಪ್ಪನ ಕಾಟಿನ ಕಾಲಿಗೆ ಒರಗಿ ಕೂತಲ್ಲೇ ನಿದ್ದೆ ಹೋದಳು.

ಎರಡು ಗಂಟೆಗೆ ಗೊರಗೊರ ಶುರುವಾಯಿತು. ಮೇ ತಿಂಗಳ ಒಣ ಸೆಕೆಗೆ ಅಪ್ಪನ ಕಫ ಅಂಟಿನಂತೆ ಆಗಿತ್ತು. ಮೂಗಿನಿಂದ ಉಸಿರಾಡಿದರೆ ಗಾಳಿ ಹಸಿಯಾಗಿ ಒಳಗೆ ಹೋಗುತ್ತದೆ, ಟ್ಯೂಬಿನಿಂದ ಹೋಗುವುದು ಒಣ ಗಾಳಿ. ಟ್ಯೂಬಿನ ಮುಂದೆ ತೆಳ್ಳಗಿನ ಒದ್ದೆ ಗಾಜ್ ಬಟ್ಟೆ ಇಡಬೇಕಿತ್ತು. ಆ ದಿನ ಅದು ಒಣಗಿ ಹೋಗಿತ್ತು, ಯಾರೂ ನೋಡಿರಲಿಲ್ಲ. ಆಕ್ಸಿಮೀಟರ್ ಬೆರಳಿಗೆ ಹಾಕಿದೆ. ಅಂಕಿ ಏನಿತ್ತು ನೆನಪಿಲ್ಲ. ಪೈಪು ಹಾಕಿದೆ. ಒಂದು ಗಟ್ಟಿ ಕಫದ ಗಡ್ಡೆ ಪೈಪಿನ ತುದಿಗೆ ಸಿಕ್ಕಿತು, ಪಾರದರ್ಶಕ ಪೈಪಿನಲ್ಲಿ ಅರ್ಧ ಮೇಲೆ ಬಂದದ್ದು ಕಾಣುತ್ತಿತ್ತು. ಇನ್ನೊಂದಿಷ್ಟು, ಇನ್ನೊಂದಿಷ್ಟು ಅಂತ ಹಿಡಿದೇ ಇದ್ದೆ. ನನಗೆ ಆಗ ಕಂಡದ್ದು ಆ ಪೈಪು ಮತ್ತು ಆ ಬಾಟಲಿ ಮಾತ್ರ.

‘ತೆಗಿ! ಏ ತೆಗಿಯೋ!’

ಅವ್ವ ಎದ್ದಿದ್ದಳು. ಮಷೀನಿನ ಸದ್ದು ಬದಲಾದದ್ದಕ್ಕೆ ಎಚ್ಚರವಾಯಿತಂತೆ. ಕಫ ಬರುವಾಗ ಗೊರ್ ಗೊರ್ ಅನ್ನುತ್ತದೆ. ತುದಿ ಮುಚ್ಚಿಕೊಂಡರೆ, ಗೋಡೆಗೆ ಅಂಟಿಕೊಂಡರೆ ಸಣ್ಣಗೆ ಕೊಯ್ಯುವ ಸದ್ದು. ತಟ್ಟನೆ ಪೈಪು ತೆಗೆದೆ. ಅಪ್ಪನ ಮುಖ ಬೂದಿ ಬಣ್ಣ. ಹಣೆ ತುಂಬ ಬೆವರು. ಆಕ್ಸಿಮೀಟರ್ ನೋಡಿದೆ: 91. ಅಷ್ಟೇನೂ ಇಳಿದಿಲ್ಲ ಅಂತ ಒಂದು ಕ್ಷಣ ಅನಿಸಿತು. ನೋಡನೋಡುತ್ತ 86 ಆಯಿತು. 79. 74. ಪೈಪು ಹೊರಗಿದೆ, ಆದರೂ ಇಳಿಯುತ್ತಿದೆ. ನಾಡಿ 48.

ಆಂಬು ಬ್ಯಾಗ್ ಕಾಟಿನ ಗೂಟಕ್ಕೇ ತೂಗುಹಾಕಿತ್ತು. ಸಿಸ್ಟರ್ ‘ಪೆಟಗಿಯೊಳಗ ಇಡಬ್ಯಾಡ್ರಿ, ಕೈಗೆ ಸಿಗೂವಲ್ಲಿ ಇಡ್ರಿ’ ಅಂದದ್ದು ಪುಣ್ಯ. ಟ್ಯೂಬಿಗೆ ಜೋಡಿಸಿ, ಆಕ್ಸಿಜನ್ ನಳಿಕೆ ಸಿಕ್ಕಿಸಿ, ಐದಾರು ಸೆಕೆಂಡಿಗೊಮ್ಮೆ ಹಗೂರಕ ಒತ್ತಿದೆ. ಎದೆ ಏಳುತ್ತಿದೆಯೇ ಅಂತ ಅವ್ವ ಕೈ ಇಟ್ಟು ನೋಡಿದಳು. 78. 85. 90. ಎರಡು ಮೂರು ನಿಮಿಷಕ್ಕೆ 95. ನಾಡಿ 100ರ ಮೇಲೆ ಹೋಗಿ ಆಮೇಲೆ ಇಳಿಯಿತು. ಅಪ್ಪ ಕಣ್ಣು ತೆರೆದು ಮಾಳಿಗೆ ನೋಡುತ್ತ ಮಲಗಿದ. ಅವ್ವ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು.

ಮರುದಿನ ಸಿಸ್ಟರ್‌ಗೆ ಫೋನ್ ಮಾಡಿದೆ.

‘ಎಷ್ಟು ಹೊತ್ತು ಹಿಡಿದಿದ್ರಿ?’

‘ಗೊತ್ತಿಲ್ಲ ಸಿಸ್ಟರ್.’

‘ಉಸಿರು ಹಿಡಿದಿದ್ರಿಲ್ಲೋ?’

ಹಿಡಿದಿದ್ದೆ. ಅದು ನನಗೂ ಆಗಲೇ ಹೊಳೆದದ್ದು. ಉಸಿರು ಹಿಡಿದೇ ಇದ್ದೆ, ನನಗೆ ಕಷ್ಟ ಆಗಿರಲಿಲ್ಲ. ಫೋನ್ ಸ್ಪೀಕರ್‌ನಲ್ಲಿತ್ತು. ಅವ್ವ ಅಲ್ಲಿಂದಲೇ ಅಂದಳು: ‘ಇಂವ ಕೆರಿಯಾಗ ಮುಳುಗಿ ಆ ದಂಡೀಗ ಏಳಾಂವ. ಇವನ ಉಸಿರು ನಂಬಿದ್ರ ಅವ್ರ ಉಸಿರು ಉಳೀತದೇನ್ರಿ ಬಾಯಾರ?’ ಸಿಸ್ಟರ್ ನಕ್ಕರು. ಆಮೇಲೆ, ‘ಖರೇ ಹೇಳಿದ್ರವ್ವ. ನಾವೂ ಹಂಗ ಹೇಳಿಕೊಡ್ತೀವಿ, ವಿಚಾರ ಮಾಡಿದ್ದಿಲ್ಲ’ ಅಂದರು.

ಆಕ್ಸಿಮೀಟರ್ ಯಾಕೆ 91 ತೋರಿಸುತ್ತಿತ್ತು, ಪೈಪು ತೆಗೆದ ಮೇಲೆ ಯಾಕೆ ಇಳಿಯಿತು ಅಂತಲೂ ಕೇಳಿದೆ. ಬೆರಳಿನ ಅಂಕಿ ತಡವಾಗಿ ಬರುತ್ತದೆ ಅಂದರು. ಶ್ವಾಸಕೋಶದಲ್ಲಿ ಈಗ ಆದದ್ದು ರಕ್ತದ ಜತೆ ಬೆರಳಿನ ತುದಿಗೆ ಬರಬೇಕು, ಮಷೀನ್ ಅದನ್ನು ಕೆಲವು ಬಡಿತಗಳ ಸರಾಸರಿ ಮಾಡಿ ತೋರಿಸಬೇಕು. ಅರ್ಧ ನಿಮಿಷದ ತನಕ ಹಿಂದೆ ಬೀಳಬಹುದು, ಕೈ ತಣ್ಣಗಿದ್ದರೆ ಇನ್ನೂ ಹೆಚ್ಚು. ನಾವು ನೋಡುವ ಅಂಕಿ ಆಗಿ ಹೋದದ್ದರ ಅಂಕಿ.

94 ಎಂಬ ಅಂಕಿ ನಮ್ಮ ಹಳ್ಳಿಗಳಿಗೆ ಪರಿಚಯ ಆದದ್ದು 2021ರ ಕೊರೊನಾ ಎರಡನೇ ಅಲೆಯಲ್ಲಿ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಬೆರಳಿಗೆ ಕ್ಲಿಪ್ ಹಾಕಿ ನೋಡಿದರು. 94ಕ್ಕಿಂತ ಕಡಿಮೆ ಬಂದರೆ ಮನೆಯೆಲ್ಲ ಗಾಬರಿ. ಬೆಳಕು ಹಾಯಿಸಿ, ನಾಡಿ ಬಡಿದಾಗ ಆಗುವ ಬದಲಾವಣೆಯಿಂದ ಆಕ್ಸಿಜನ್ ಲೆಕ್ಕ ಹಾಕುವ ಈ ಉಪಾಯವನ್ನು 1970ರ ದಶಕದ ಮೊದಲಲ್ಲಿ ಕಂಡುಹಿಡಿದವರು ಜಪಾನಿನ ಎಂಜಿನಿಯರ್ ಟಕುವೊ ಅಯೊಯಾಗಿ. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಜಗತ್ತಿನ ಮನೆಮನೆಗೆ ಅವರ ಕ್ಲಿಪ್ ಹೋಗುತ್ತಿದ್ದ ಹೊತ್ತಿಗೆ. ದೊಡ್ಡ ಉಪಕಾರ ಮಾಡಿದ ಮನುಷ್ಯ. ಆದರೆ ಆ ಕ್ಲಿಪ್ಪಿಗೂ ಮಿತಿ ಇದೆ. ಕಪ್ಪು ಚರ್ಮದವರಲ್ಲಿ ಅದು ನಿಜಕ್ಕಿಂತ ಹೆಚ್ಚು ತೋರಿಸಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲೇ ಎಚ್ಚರಿಸಿದೆ. ಬಿಸಿಲಲ್ಲಿ ದುಡಿದ ನಮ್ಮಪ್ಪನ ಬೆರಳು ಎಂಥವು ಅಂತ ನಿಮಗೆ ಗೊತ್ತು. ಮೆಹಂದಿ, ಉಗುರು ಬಣ್ಣ ಇದ್ದರೂ ಅಂಕಿ ತಪ್ಪಬಹುದು. ಕಪ್ಪು ಮೈಬಣ್ಣದವರಲ್ಲಿ ನೀಲಿಗಟ್ಟುವುದು ಮುಖದಲ್ಲಿ ಲಗೂನ ಕಾಣುವುದಿಲ್ಲ. ಕೆಳದುಟಿಯ ಒಳಮೈ, ಒಸಡು, ನಾಲಿಗೆ ನೋಡಬೇಕು.

ಆ ದಿನದಿಂದ ನಮ್ಮ ಮನೆಯಲ್ಲಿ ಕಾಯ್ದೆ ಬದಲಾಯಿತು. ಒಬ್ಬರೇ ಎಳೆಯುವಂತಿಲ್ಲ. ನಾನು ಎಳೆಯುವವನು, ಅವ್ವ ನೋಡುವವಳು. ಪೈಪು, ಬಾಟಲಿ ಅವಳಿಗೆ ಸಂಬಂಧ ಇಲ್ಲ. ಅವಳು ಅಪ್ಪನ ಎಡಗೈ ಹಿಡಿದು ಮುಖ ನೋಡುತ್ತ ಕೂಡುತ್ತಾಳೆ, ಜೋರಾಗಿ ಎಣಿಸುತ್ತಾಳೆ. ಹತ್ತಕ್ಕೆ ನಾನು ಹೊರಗಿರಬೇಕು. ಅವಳು ‘ತೆಗಿ’ ಅಂದರೆ ಎಷ್ಟಕ್ಕೇ ಅನ್ನಲಿ, ಯಾಕೆ ಅಂತ ಕೇಳದೆ ತೆಗೆಯಬೇಕು.

ಅವ್ವ ಶಾಲೆಗೆ ಹೋದವಳಲ್ಲ. ಅವಳಿಗೆ ಬರುವ ಎಣಿಕೆ ಕಣದ ಎಣಿಕೆ. ಜೋಳ ಅಳೆಯುವಾಗ ನಮ್ಮಲ್ಲಿ ಮೊದಲನೇ ಸೇರಿಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಅಪ್ಪನ ಕೊರಳಿಗೆ ಪೈಪು ಹೋದ ಕೂಡಲೇ ಅವಳು ಶುರು ಮಾಡುತ್ತಿದ್ದಳು: ‘ಲಾಭ… ಎರಡ… ಮೂರ… ನಾಕ…’ ನಾನು ಒಂದು ಸಲ ಮೊಬೈಲ್ ಹಿಡಿದು ನೋಡಿದೆ, ಅವಳ ಹತ್ತಕ್ಕೆ ಹನ್ನೊಂದು ಸೆಕೆಂಡು. ಗಾಬರಿಯಾದಾಗ ನಾನು ಎಣಿಸಿದರೆ ಓಡುತ್ತದೆ, ಇಲ್ಲ ನಿಲ್ಲುತ್ತದೆ. ಅವಳದು ಯಾವಾಗಲೂ ಒಂದೇ ನಡಿಗೆ. ಕಣದಲ್ಲಿ ಲೆಕ್ಕ ತಪ್ಪಿದರೆ ಚೀಲ ತಪ್ಪುತ್ತದೆ, ಹಂಗಾಗಿ ಯಾರು ಏನು ಮಾತಾಡಿದರೂ ಅವಳ ಎಣಿಕೆ ಕೆಡುವುದಿಲ್ಲ.

ನಿಲ್ಲಿಸುವ ಗುರುತುಗಳನ್ನು ಸಿಸ್ಟರ್ ಫೋನಿನಲ್ಲೇ ಮತ್ತೊಮ್ಮೆ ಹೇಳಿದರು. ಅಂಕಿ 90ಕ್ಕಿಂತ ಇಳಿದರೆ. ನಾಡಿ 50ರ ಕೆಳಗೆ ಬಂದರೆ, ಇಲ್ಲ ಮೊದಲಿದ್ದದ್ದಕ್ಕಿಂತ ಒಮ್ಮೆಲೇ ಇಪ್ಪತ್ತು ಇಳಿದರೆ. ತಾಳ ತಪ್ಪಿದರೆ. ತುಟಿ, ನಾಲಿಗೆ ಬಣ್ಣ ಬದಲಾದರೆ. ಹಣೆ ಬೆವರಿದರೆ. ಕೆಮ್ಮು ನಿಲ್ಲದಿದ್ದರೆ. ಕೆಂಪು ಹಸಿ ರಕ್ತ ಬಂದರೆ. ಇವು ಅಪ್ಪನಿಗೆ ಹೇಳಿದ ಅಂಕಿಗಳು, ನಿಮ್ಮ ಮನೆಯವರಿಗೆ ಎಷ್ಟು ಅಂತ ಅವರ ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಬೇಕು. ಹಳೇ ದಮ್ಮಿನ ರೋಗಿಗಳ ಅಂಕಿ ಬೇರೆಯೇ ಇರುತ್ತದೆ. ಒಂದು ಸಲ ಎಳೆದ ಮೇಲೆ ಅಂಕಿ ಮೊದಲಿದ್ದಲ್ಲಿಗೆ ಬರುವ ತನಕ ಇನ್ನೊಂದು ಸಲ ಪೈಪು ಹಾಕುವಂತಿಲ್ಲ. ಒಂದು ಕೂಡುವಿಕೆಯಲ್ಲಿ ಎರಡು, ಹೆಚ್ಚೆಂದರೆ ಮೂರು ಸಲ. ಕಫ ಇನ್ನೂ ಉಳಿದಿದೆ ಅನಿಸಿದರೂ ಸರಿ. ಪೂರ್ತಿ ಸ್ವಚ್ಛ ಮಾಡುತ್ತೇನೆ ಅನ್ನುವ ಹಟವೇ ನನ್ನಿಂದ ಆ ರಾತ್ರಿ ಹಂಗೆ ಮಾಡಿಸಿದ್ದು.

ಪೈಪು ಒಳಗೆ ಹೋಗುವುದೇ ಇಲ್ಲ ಅಂದರೆ ಒತ್ತಬಾರದು. ಟ್ಯೂಬೇ ಕಟ್ಟಿಕೊಂಡಿದೆ, ಇಲ್ಲ ಜಾರಿದೆ ಅಂತ ಅರ್ಥ. ಒಳನಳಿಕೆ ಇರುವ ಟ್ಯೂಬಾದರೆ ಮೊದಲು ಆ ನಳಿಕೆ ಹೊರಗೆ ತೆಗೆಯಬೇಕು, ಬಹಳ ಸಲ ಗಡ್ಡೆ ಅದರಲ್ಲೇ ಇರುತ್ತದೆ. ಆಗಲೂ ಉಸಿರು ಸರಿಯಾಗದಿದ್ದರೆ ತಡ ಮಾಡದೆ 108. ಇದನ್ನೆಲ್ಲ ಇಲ್ಲಿ ಓದಿ ಕಲಿಯುತ್ತೇನೆ ಅನ್ನಬೇಡಿ. ಮನೆಗೆ ಕಳಿಸುವ ಮೊದಲು ಆಸ್ಪತ್ರೆಯಲ್ಲಿ ಸಿಸ್ಟರ್ ಎದುರಿಗೆ ನಿಮ್ಮ ಕೈಯಲ್ಲಿ ಮಾಡಿ ತೋರಿಸಿ, ಅವರು ‘ಆಯ್ತು’ ಅಂದ ಮೇಲೆ ಬನ್ನಿ. ಮನೆಯ ಇಬ್ಬರು ಕಲಿಯಬೇಕು. ಒಬ್ಬರೇ ಕಲಿತರೆ ಆ ಒಬ್ಬರಿಗೆ ನಿದ್ದೆ ಬರುತ್ತದೆ.

ನೋಟ್‌ಬುಕ್ ಮುಂದುವರಿಯಿತು. ದಿನಾಂಕ, ಹೊತ್ತು, ಮೊದಲಿನ ಅಂಕಿ, ಆಮೇಲಿನ ಅಂಕಿ, ಕಫದ ಬಣ್ಣ, ತೆಳುವೋ ಗಟ್ಟಿಯೋ. ಬರೇ ಬೇಜಾರಿನ ಕೆಲಸ. ಆದರೆ ಜೂನ್‌ನಲ್ಲಿ ಮೂರು ದಿನದ ಸಾಲು ಒಟ್ಟಿಗೆ ನೋಡಿದಾಗ ಬಣ್ಣ ಬಿಳಿಯಿಂದ ಹಳದಿ, ಹಳದಿಯಿಂದ ಹಸಿರಾದದ್ದು, ಎಳೆಯುವ ಸಲ ದಿನಕ್ಕೆ ಆರರಿಂದ ಹದಿನಾಲ್ಕಾದದ್ದು ಕಂಡಿತು. ಜ್ವರ ಇನ್ನೂ ಬಂದಿರಲಿಲ್ಲ. ಆ ಪುಟಗಳನ್ನೇ ಡಾಕ್ಟರ್‌ಗೆ ತೋರಿಸಿದೆ. ಅವರು ಕಫದ ಪರೀಕ್ಷೆ ಬರೆದು ಔಷಧ ಶುರು ಮಾಡಿದರು. ಎರಡು ದಿನ ತಡವಾಗಿದ್ದರೆ ನ್ಯುಮೋನಿಯಾ ಅಂತ ಮತ್ತೆ ಐಸಿಯು ಆಗುತ್ತಿತ್ತು ಅಂದರು.

ಕರೆಂಟಿನ ಕಥೆ ದೊಡ್ಡದು, ಚುಟುಕಾಗಿ ಹೇಳುತ್ತೇನೆ. ಗಾಳಿಮಳೆಗೆ ಲೈನ್ ಬಿದ್ದರೆ ಹಳ್ಳಿಯಲ್ಲಿ ಯಾರನ್ನೂ ಬೈದು ಪ್ರಯೋಜನ ಇಲ್ಲ. ಮಷೀನಿಗೆ ಬ್ಯಾಟರಿ ಇಲ್ಲದಿದ್ದರೆ ಕಾಲಿನಿಂದ ತುಳಿಯುವ ಪಂಪು ಸಿಗುತ್ತದೆ, ತಂದಿಡಿ. ನಮ್ಮಲ್ಲಿ ಪಕ್ಕದ ಮನೆಯ ಹುಡುಗ ಅದನ್ನು ತುಳಿಯುವ ಕೆಲಸ ತಾನೇ ವಹಿಸಿಕೊಂಡಿದ್ದ. ಕರೆಂಟ್ ಹೋದ ಕೂಡಲೇ ‘ಕಾಕಾರ, ಬಂದ್ನಿ’ ಅಂತ ಓಡಿ ಬರೋನು.

ಆಗಸ್ಟ್ ಕೊನೆಗೆ ಟ್ಯೂಬ್ ತೆಗೆದರು. ಮೊದಲು ಅದರ ಬಾಯಿಗೆ ಬಿರಡೆ ಹಾಕಿ, ಆಸ್ಪತ್ರೆಯಲ್ಲೇ ಇಟ್ಟುಕೊಂಡು, ಹಗಲೂ ರಾತ್ರಿ ಉಸಿರು ನೋಡಿ, ಆಮೇಲೆ. ತೂತು ತಾನೇ ಕೂಡಿಕೊಂಡಿತು. ಅಪ್ಪನ ದನಿ ಈಗ ಒಡಕು ದನಿ, ಆದರೆ ಮಾತು ತಿಳಿಯುತ್ತದೆ. ಬಿಪಿ ಗುಳಿಗೆಯನ್ನು ಅವ್ವ ತಾನೇ ಬಾಯಿಗೆ ಹಾಕಿ ನೀರು ಕುಡಿಸುತ್ತಾಳೆ.

ದಸರಾ ಹೊತ್ತಿಗೆ ಒಂದು ಸಂಜೆ ಕಟ್ಟೆಯ ಮೇಲೆ ಕೂತಾಗ ನಾನು ಕೇಳಿದೆ, ಎಳೆಯುವಾಗ ಹೆಂಗಾಗುತ್ತಿತ್ತು ಅಂತ. ಭಾಳ ಹೊತ್ತು ಸುಮ್ಮನಿದ್ದ.

‘ಬಾವ್ಯಾಗ ತಲಿ ಒತ್ತಿ ಹಿಡಿದಂಗ ಆಗತಿತ್ತು’ ಅಂದ. ‘ನಿಮ್ಮವ್ವ ಎಣಸಾಕ ಹತ್ತಿದ ಮ್ಯಾಲ ಪಾಡಾತು. ಹತ್ತಕ್ಕ ಮುಗೀತದ ಅಂತ ಗೊತ್ತಿರತಿತ್ತು. ನಾನೂ ಒಳಗ ಎಣಿಸತಿದ್ದೆ.’

ಮತ್ತೆ ಸ್ವಲ್ಪ ಹೊತ್ತು ಬಿಟ್ಟು: ‘ಆವತ್ತ ರಾತ್ರಿ ನಾ ಎಡಗೈ ಎತ್ತಿದ್ನೆಲ್ಲೋ ತಮ್ಮಾ. ಎರಡ ಸಲ ಎತ್ತಿದೆ. ನೀ ನೋಡಲಿಲ್ಲೇನು?’

ನೋಡಿದ್ದೆ. ಕಣ್ಣಂಚಿನಲ್ಲಿ ಕೈ ಎದ್ದು ಬಿದ್ದದ್ದು ಕಂಡಿತ್ತು. ಅಡ್ಡ ಬರುತ್ತದೆ ಅಂತ ನನ್ನ ಮೊಳಕೈಯಿಂದ ಸರಿಸಿದ್ದೆ. ಅದನ್ನು ಅಪ್ಪನಿಗೆ ಹೇಳಲು ಆಗಲಿಲ್ಲ. ‘ಇಲ್ಲಪಾ, ಕಾಣಲಿಲ್ಲ’ ಅಂದೆ. ಇಲ್ಲಿ ಬರೆಯುತ್ತಿದ್ದೇನೆ. ಅಪ್ಪ ಮೊಬೈಲ್ ಓದುವುದಿಲ್ಲ.

ಮಷೀನನ್ನು ಮಾರಲಿಲ್ಲ. ಬಾಟಲಿ, ಕೊಳವೆ ಹೊಸದು ಹಾಕಿಸಿ ಇಟ್ಟಿದ್ದೆವು. ಹೋದ ತಿಂಗಳು ಗುಡಗೇರಿ ಕಡೆಯಿಂದ ಇಬ್ಬರು ಬಂದರು. ಅವರ ಮನೆಯ ಹಿರಿಯರನ್ನು ಹಿಂಗೇ ಟ್ಯೂಬ್ ಹಾಕಿ ಮನೆಗೆ ಕಳಿಸುತ್ತಿದ್ದಾರೆ, ಮಷೀನ್ ಬೇಕಿತ್ತು. ನಾನು ಮುಳ್ಳು ತೋರಿಸಿದೆ, ಬಿಳಿ ಪೈಪು, ಹಸಿರು ಪೈಪು ಹೇಳಿದೆ. ಅವರು ದುಡ್ಡು ತೆಗೆದರು, ಅಪ್ಪ ಬೇಡ ಅಂದ. ಮಷೀನ್ ಎತ್ತಿಕೊಂಡು ಹೊರಟಾಗ ಅವ್ವ ಬಾಗಿಲಲ್ಲಿ ಅವರನ್ನು ತಡೆದಳು.

‘ಎಳಿಯಾಂವ ಯಾರು?’

‘ನಾನರೀ ಅವ್ವಾರ.’

‘ಎಣಸಾಂವರು ಯಾರದಾರ?’

ಅವರು ಒಬ್ಬರ ಮುಖ ಒಬ್ಬರು ನೋಡಿದರು. ಒಂಬತ್ತನೇ ಇಯತ್ತೆ ಓದುವ ಹುಡುಗಿ ಇದ್ದಾಳೆ, ಮೊಮ್ಮಗಳು, ಅಜ್ಜನ ಹಂತ್ಯಾಕನ ಇರತಾಳ ಅಂದರು.

‘ಆಕಿನ್ನ ಐತವಾರ ಕರಕೊಂಡು ಬರ್ರಿ’ ಅಂದಳು ಅವ್ವ. ಮಷೀನನ್ನು ಅವರ ಕೈಯಿಂದ ಇಸಿದುಕೊಂಡು ಮತ್ತೆ ಪಡಸಾಲೆಯಲ್ಲಿಟ್ಟಳು. ಹಿರಿಯರು ಆಸ್ಪತ್ರೆಯಿಂದ ಬರುವುದು ಸೋಮವಾರ ಇತ್ತು. ಐತವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಹುಡುಗಿ ಬಂದಳು. ಅಪ್ಪ ಕಾಟಿನ ಮೇಲೆ ರೋಗಿ ಹಂಗ ಮಲಗಿ ತೋರಿಸಿದ.